ಪರದೆಯ ಮೇಲಿನ ಹೆಸರು ಯಾರದು?

ಶನಿವಾರ ರಾತ್ರಿ ಹತ್ತಕ್ಕೆ ನಮ್ಮ ಆಟ ಶುರು. ಆಡುವವರು ಐದು ಜನ. ಕೂಡ್ಲಿಗಿ ತಾಲ್ಲೂಕಿನವನೊಬ್ಬ, ಕೊಟ್ಟೂರಿನ ನಾನು, ಹಗರಿಬೊಮ್ಮನಹಳ್ಳಿಯ ಗೆಳತಿ, ಹೂವಿನಹಡಗಲಿಯವನೊಬ್ಬ, ಹರಪನಹಳ್ಳಿಯವನೊಬ್ಬ. ಪಿಯುಸಿಯಲ್ಲಿ ಒಂದೇ ಕ್ಲಾಸಿನಲ್ಲಿ ಕೂತಿದ್ದ ನಾವು ಈಗ ಬೇರೆ ಬೇರೆ ಊರಿನ ಕಾಲೇಜುಗಳಲ್ಲಿದ್ದೇವೆ. ಒಬ್ಬ ಬಿ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿದ್ದಾನೆ. ವಾರವೆಲ್ಲ ಇಂಟರ್ನಲ್ಸ್, ರೆಕಾರ್ಡ್, ಅರ್ಜಿ ಶುಲ್ಕದ ಚಿಂತೆಯಲ್ಲಿದ್ದವರು ಆ ಹೊತ್ತಿಗೆ ಇಯರ್‌ಫೋನ್ ಹಾಕಿಕೊಂಡು ಮಾಂತ್ರಿಕ, ಕಳ್ಳ, ಕುಳ್ಳ ಯೋಧ ಆಗಿಬಿಡುತ್ತೇವೆ.

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಇದು ವಿಡಿಯೊ ಗೇಮ್ ಅಲ್ಲ. ಮೇಜಿನ ಸುತ್ತ ಕೂತು ಬಾಯಲ್ಲೇ ಆಡುವ ಕಥೆಯಾಟ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದದ್ದು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ, ಇಪ್ಪತ್ತು ಮುಖದ ದಾಳ ಉರುಳಿಸಿ ಏಟು ಬಿತ್ತೋ ತಪ್ಪಿತೋ ನೋಡುತ್ತಾರೆ. ನಮ್ಮ ಕಡೆಯವರಿಗೆ ಬೇಗ ತಿಳಿಯುವಂತೆ ಹೇಳುವುದಾದರೆ, ಕವಿ ಮಾತು ಬರೆದುಕೊಡದ ಬಯಲಾಟ. ಮಾತು ನಮ್ಮದು, ಸೋಲು ಗೆಲುವು ದಾಳದ್ದು. ಖರ್ಚೇನೂ ಇಲ್ಲ. 2023ರ ಜನವರಿಯಲ್ಲಿ ಇದರ ಮೂಲ ನಿಯಮಗಳ ಒಂದು ಸಂಗ್ರಹವನ್ನು ಯಾರು ಬೇಕಾದರೂ ಬಳಸುವಂತೆ ಮುಕ್ತ ಪರವಾನಗಿಯಲ್ಲಿ ಬಿಟ್ಟರು. ದಾಳವೂ ಮೊಬೈಲಿನಲ್ಲೇ ಉರುಳುತ್ತದೆ.

ಮೊದಲ ದಿನ ನಮಗೆ ಕಷ್ಟವಾದದ್ದು ನಿಯಮ ಕಲಿಯುವುದಲ್ಲ, ಹೆಸರು ಇಟ್ಟುಕೊಳ್ಳುವುದು. ಎರಡು ಹೆಸರು ಬೇಕು. ಕಥೆಯೊಳಗಿನ ಪಾತ್ರಕ್ಕೊಂದು, ಪರದೆಯ ಮೇಲೆ ನಮಗೊಂದು. ಗಂಟೆಗಟ್ಟಲೆ ಯೋಚಿಸಿ, ಕೊನೆಗೆ ಪಾತ್ರದ ಹೆಸರನ್ನೇ ಪರದೆಗೂ ಅಂಟಿಸಿಕೊಂಡವರು ನಮ್ಮಲ್ಲಿ ಇಬ್ಬರು. ಕೂಡ್ಲಿಗಿಯ ಗೆಳೆಯ ಊರಿನ ಹೆಸರನ್ನು ಹಿಂದುಮುಂದಾಗಿ ಓದಿ ‘ಗಿಡ್ಲಿಕೂ’ ಎಂಬ ಮಾಂತ್ರಿಕನಾದ. ಅದನ್ನು ಕೇಳಿ ಎಲ್ಲರೂ ತಮ್ಮ ಊರನ್ನು ತಿರುಗಿಸತೊಡಗಿದೆವು. ಹಡಗಲಿ ತಿರುಗಿದರೆ ‘ಲಿಗಡಹ’. ಇಂಥ ಹೆಸರಿನ ರಾಕ್ಷಸ ನಿಜಕ್ಕೂ ಎಲ್ಲೋ ಇರಬೇಕು ಎನಿಸಿತು! ನಮ್ಮ ಕಥೆಯಲ್ಲಿ ಆತ ಇವತ್ತಿಗೂ ಸತ್ತಿಲ್ಲ.

ಇದು ನಮ್ಮ ಹುಡುಗಾಟ ಅಂದುಕೊಂಡಿದ್ದೆ. ಆಮೇಲೆ ಓದಿದಾಗ ಗೊತ್ತಾಯಿತು, ಆಟ ಕಟ್ಟಿದವರೇ ಇದನ್ನು ಮಾಡಿದ್ದಾರೆ. ಗೈಗ್ಯಾಕ್ಸ್ ಮಗನ ಹೆಸರು ಅರ್ನೆಸ್ಟ್. ಆ ಇಂಗ್ಲಿಷ್ ಅಕ್ಷರಗಳನ್ನೇ ಕಲಸಿದರೆ ‘ಟೆನ್ಸರ್’. ಆ ಟೆನ್ಸರ್ ಈಗ ಆಟದ ಪುಸ್ತಕದಲ್ಲಿರುವ ಪ್ರಸಿದ್ಧ ಮಾಂತ್ರಿಕ. ಜಿಮ್ ವಾರ್ಡ್ ಎಂಬ ಆಟಗಾರನ ಹೆಸರನ್ನು ಹಿಂದಿನಿಂದ ಓದಿದ್ದೇ ‘ಡ್ರಾಮಿಜ್’ ಎಂಬ ಇನ್ನೊಬ್ಬ ಮಾಂತ್ರಿಕ. ಸ್ವತಃ ಗೈಗ್ಯಾಕ್ಸ್ ಇಂಟರ್‌ನೆಟ್‌ನಲ್ಲಿ ಅಭಿಮಾನಿಗಳ ಜೊತೆ ಹರಟುವಾಗ ‘ಕರ್ನಲ್ ಪ್ಲಾಡೋ’ ಎಂದು ಹೆಸರಿಟ್ಟುಕೊಂಡಿದ್ದರು. ಮಕ್ಕಳ ಆಟದ ಜೇಡಿಮಣ್ಣನ್ನು ನೆನಪಿಸುವ ತಮಾಷೆಯ ಹೆಸರು.

ಆದರೆ ನಮ್ಮ ಐವರ ಹೆಸರುಗಳ ಹಿಂದೆ ಬರೀ ತಮಾಷೆ ಇಲ್ಲ. ಅದನ್ನೇ ಬರೆಯಬೇಕೆಂದು ಕೂತಿದ್ದೇನೆ.

ನನ್ನಿಂದಲೇ ಆರಂಭಿಸುತ್ತೇನೆ. ನನ್ನ ಹೆಸರು ಕೊಟ್ರೇಶ. ಕೊಟ್ಟೂರು ಸುತ್ತಮುತ್ತ ಗುರು ಕೊಟ್ಟೂರೇಶ್ವರನ ಹೆಸರಿಡದ ಮನೆ ಕಡಿಮೆ. ಕೊಟ್ರೇಶ, ಕೊಟ್ರಪ್ಪ, ಕೊಟ್ರಯ್ಯ, ಕೊಟ್ರಮ್ಮ, ಕೊಟ್ರಗೌಡ. ಹೈಸ್ಕೂಲಿನಲ್ಲಿ ನಾವು ನಾಲ್ವರು ಕೊಟ್ರೇಶರಿದ್ದೆವು. ಮೇಷ್ಟ್ರು ‘ಕೊಟ್ರೇಶಾ’ ಎಂದರೆ ನಾಲ್ಕು ತಲೆ ಏಳುತ್ತಿದ್ದವು. ಹಾಗಾಗಿ ಕಿಟಕಿ ಕೊಟ್ರೇಶ, ಉದ್ದ ಕೊಟ್ರೇಶ ಅಂತೆಲ್ಲ ಆಯಿತು. ಇಂಗ್ಲಿಷಿನಲ್ಲಿ ಬರೆಯುವಾಗ ಇನ್ನೊಂದು ಫಜೀತಿ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದೇ ‘ಟಿ’, ಆಧಾರ್‌ನಲ್ಲಿ ಎರಡು ‘ಟಿ’. ಅರ್ಜಿ ಹಾಕುವ ಎಲ್ಲರಿಗೂ ಈ ರೋಗ ಗೊತ್ತಿರುತ್ತದೆ. ಒಂದು ಅಕ್ಷರಕ್ಕಾಗಿ ಅಫಿಡವಿಟ್, ನೋಟರಿ, ಮತ್ತೆ ಸರದಿ. ಸರ್ಕಾರಿ ದಾಖಲೆಗಳಲ್ಲಿ ನನ್ನ ಹೆಸರು ಬರೆದವರು ಬೇರೆ ಯಾರೋ. ಬಹುಶಃ ಅವಸರದಲ್ಲಿದ್ದ ಒಬ್ಬ ಡೇಟಾ ಎಂಟ್ರಿ ಆಪರೇಟರ್. ಪರದೆಯ ಮೇಲಿನ ಹೆಸರನ್ನಾದರೂ ನಾನೇ ಬರೆಯಬಹುದು.

ಅಲ್ಲೂ ಪೂರ್ತಿ ಸ್ವಾತಂತ್ರ್ಯ ಇಲ್ಲ ಎನ್ನುವುದು ಬೇರೆ ಮಾತು. ಇಂಥ ಆಟದ ಗುಂಪುಗಳು ಹೆಚ್ಚಾಗಿ ಸೇರುವ ಡಿಸ್ಕಾರ್ಡ್ ಆ್ಯಪ್ 2023ರಲ್ಲಿ ತನ್ನ ಹೆಸರಿನ ಪದ್ಧತಿ ಬದಲಿಸಿತು. ಅದಕ್ಕೆ ಮುಂಚೆ ಒಂದೇ ಹೆಸರನ್ನು ಹಲವರು ಇಟ್ಟುಕೊಳ್ಳಬಹುದಿತ್ತು, ಕೊನೆಗೆ ನಾಲ್ಕು ಅಂಕಿ ಸೇರುತ್ತಿತ್ತು. ಈಗ ಒಂದು ಹೆಸರು ಒಬ್ಬರಿಗೇ. ಅದರಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರ, ಅಂಕಿ, ಚುಕ್ಕಿ, ಅಡಿಗೆರೆ ಮಾತ್ರ. ಹಳೆಯ ಖಾತೆಯವರಿಗೆ ಮೊದಲ ಆಯ್ಕೆ ಸಿಕ್ಕಿತು. ಎಲ್ಲರಿಗೂ ಕಾಣುವ ಇನ್ನೊಂದು ‘ಡಿಸ್ಪ್ಲೇ’ ಹೆಸರನ್ನು ಕನ್ನಡದಲ್ಲೂ ಬರೆದುಕೊಳ್ಳಬಹುದು. ಯಾವ ಆ್ಯಪ್ ಆದರೂ ಇದು ಬಸ್ಸಿನ ಸೀಟಿನ ಥರವೇ, ಮೊದಲು ಹತ್ತಿದವರು ಕಿಟಕಿ ಹಿಡಿಯುತ್ತಾರೆ. ಮನೆಗೆ ಸ್ಮಾರ್ಟ್‌ಫೋನ್ ತಡವಾಗಿ ಬಂದ ನಮ್ಮಂಥವರ ಹೆಸರಿನ ಮುಂದೆ 07, 143, 2005 ಅಂತ ಬಾಲ ಇರುವುದು ಅದಕ್ಕೇ. ಊರಿನ ಕೊಟ್ರೇಶರ ಕಾಟ ಇಲ್ಲೂ ತಪ್ಪಲಿಲ್ಲ ಅನ್ನಿ.

ಹರಪನಹಳ್ಳಿಯ ಗೆಳೆಯನದು ಬೇರೆ ಕಥೆ. ಅವನು ಹುಟ್ಟಿದಾಗ ಹರಪನಹಳ್ಳಿ ದಾವಣಗೆರೆ ಜಿಲ್ಲೆಯಲ್ಲಿತ್ತು. 2018ರಲ್ಲಿ ಬಳ್ಳಾರಿಗೆ ಸೇರಿತು. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಅವನು ಮನೆ ಬಿಟ್ಟು ಕದಲಿಲ್ಲ, ವಿಳಾಸ ಮಾತ್ರ ಎರಡು ಸಲ ಬದಲಾಯಿತು. ನಮಗೆಲ್ಲ ಇದು ನಗುವ ವಿಷಯ, ಅವನಿಗಲ್ಲ. 371(ಜೆ) ಮೀಸಲಾತಿಗೆ ಯಾವ ತಾಲ್ಲೂಕು, ಯಾವ ಜಿಲ್ಲೆ ಎಂಬುದರ ಮೇಲೆ ನೌಕರಿಯ ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ. ‘ಊರು ಯಾವುದು ಅಂದ್ರ ಸರ್ಕಾರ ಹೇಳಿದ್ದ ಊರು ಅನ್ಬೇಕು ನೋಡಪ’ ಎನ್ನುತ್ತಾನೆ. ಪರದೆಯ ಮೇಲೆ ಅವನು ‘ತಿಂಮ’. ಬೀಚಿಯವರ ತಿಂಮ. ಬೀಚಿ ಹರಪನಹಳ್ಳಿಯಲ್ಲೇ 1913ರಲ್ಲಿ ಹುಟ್ಟಿದವರು ಎಂಬುದನ್ನು ಅವನು ಪರಿಚಯವಾದ ಹತ್ತು ನಿಮಿಷದೊಳಗೆ ಎಲ್ಲರಿಗೂ ಹೇಳುತ್ತಾನೆ. ರಾಯಸಂ ಭೀಮಸೇನರಾವ್ ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡುತ್ತಾ ಪುಸ್ತಕದ ಮೇಲೆ ‘ಬೀಚಿ’ ಆದರು. ಎರಡೇ ಅಕ್ಷರ. ಅದನ್ನು ಓದಿದರೆ ಜಾತಿಯೂ ತಿಳಿಯುವುದಿಲ್ಲ, ಊರೂ ತಿಳಿಯುವುದಿಲ್ಲ, ಹುದ್ದೆಯೂ ತಿಳಿಯುವುದಿಲ್ಲ. ಆತ್ಮಕಥೆಗೂ ‘ನನ್ನ ಭಯಾಗ್ರಫಿ’ ಅಂತ ಹೆಸರಿಟ್ಟ ಮನುಷ್ಯ ಈಗಿದ್ದಿದ್ದರೆ ಎಂಥ ಗೇಮಿಂಗ್ ಹೆಸರು ಇಟ್ಟುಕೊಳ್ಳುತ್ತಿದ್ದರೋ!

ಈಗ ಹಡಗಲಿಯವನ ವಿಷಯಕ್ಕೆ ಬರುತ್ತೇನೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ಅವನ ಮನೆಯವರೂ ಮಲ್ಲಿಗೆ ಬೆಳೆಯುತ್ತಾರೆ. ಅಭಿಮಾನಕ್ಕೆ ಒಂದು ಮೊಬೈಲ್ ಶೂಟಿಂಗ್ ಗೇಮಿನಲ್ಲಿ ‘ಹಡಗಲಿ ಮಲ್ಲಿಗೆ’ ಎಂದು ಹೆಸರಿಟ್ಟುಕೊಂಡ. ವಾರದೊಳಗೆ ಫ್ರೆಂಡ್ ರಿಕ್ವೆಸ್ಟ್‌ಗಳ ಸುರಿಮಳೆ. ಮೊದಲು ಖುಷಿಪಟ್ಟ. ಆಮೇಲೆ ಮೆಸೇಜು ಬರತೊಡಗಿದವು. ‘ಎಲ್ಲಿದ್ದಿ’, ‘ಫೋಟೊ ಕಳಿಸು’, ‘ನಂಬರ್ ಕೊಡು’. ಕೊಡದಿದ್ದಾಗ ಬಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ಅವನು ಮೈಕ್ ಆನ್ ಮಾಡಿ ಗಡಸು ದನಿಯಲ್ಲಿ ‘ಏನ್ರಲೇ’ ಎಂದ ಕೂಡಲೇ ಎಲ್ಲ ನಿಂತಿತು. ನಾವು ಮೂವರು ಹುಡುಗರು ಬಿದ್ದು ಬಿದ್ದು ನಕ್ಕೆವು. ಹಗರಿಬೊಮ್ಮನಹಳ್ಳಿಯ ಗೆಳತಿ ಮಾತ್ರ ನಗಲಿಲ್ಲ. ‘ನೀ ಮೈಕ್ ಆನ್ ಮಾಡಿದ್ರ ನಿಂತತಿ. ನಾ ಮೈಕ್ ಆನ್ ಮಾಡಿದ್ರ ಶುರು ಆಗತತಿ’ ಎಂದಳು.

ಅವಳ ಪರದೆಯ ಹೆಸರು ‘ಹಗರಿ’. ಬರೀ ನದಿ. ನಮಗೆ ಅದು ಊರ ಅಭಿಮಾನದ ಹೆಸರು ಅನಿಸಿತ್ತು. ಹೆಣ್ಣೋ ಗಂಡೋ ತಿಳಿಯಬಾರದು ಎಂದು ಹುಡುಕಿ ಹುಡುಕಿ ಇಟ್ಟ ಹೆಸರು ಎಂದು ಅವತ್ತೇ ಗೊತ್ತಾದದ್ದು. ಅಪರಿಚಿತರಿರುವ ಯಾವ ಆಟದಲ್ಲೂ ಅವಳು ಮೈಕ್ ಆನ್ ಮಾಡುವುದಿಲ್ಲ, ಟೈಪ್ ಮಾಡಿಯೇ ಆಡುತ್ತಾಳೆ. ನಮ್ಮ ಶನಿವಾರದ ಆಟದಲ್ಲಿ ಅವಳು ಗಡ್ಡದ ಕುಳ್ಳ ಯೋಧ, ದನಿ ಎತ್ತರಿಸಿ ಎಲ್ಲರನ್ನೂ ಬೈಯುವುದರಲ್ಲಿ ಅವಳಷ್ಟು ಜೋರು ಇನ್ನೊಬ್ಬರಿಲ್ಲ. ಎರಡು ವರ್ಷ ಒಟ್ಟಿಗೆ ಓದಿದ ನಾವು ಒಂದು ಸಲವಾದರೂ ‘ನೀನ್ಯಾಕೆ ಬೇರೆ ಕಡೆ ಮಾತಾಡಲ್ಲ’ ಎಂದು ಕೇಳಿರಲಿಲ್ಲ. ಕೇಳಬೇಕು ಎಂದು ಹೊಳೆದೇ ಇರಲಿಲ್ಲ.

ಕೂಡ್ಲಿಗಿಯ ‘ಗಿಡ್ಲಿಕೂ’ ಬಗ್ಗೆ ಬರೆಯಲು ಅವನ ಒಪ್ಪಿಗೆ ಕೇಳಿದೆ. ‘ಬರಿ, ನನ್ ಹೆಸರ್ ಬ್ಯಾಡ’ ಎಂದ. ಅವನು ತಾಂಡಾದ ಹುಡುಗ, ಹೆಸರಿನ ಕೊನೆಗೆ ‘ನಾಯ್ಕ’ ಇದೆ. ನಮ್ಮ ಭಾಗದಲ್ಲಿ ಹೆಸರು ಕೇಳುವುದು ಎಂದರೆ ಅರ್ಧ ಪಾಲು ಬೇರೇನನ್ನೋ ಕೇಳುವುದು. ಬಣಕಾರ, ತಳವಾರ, ಮಠದ, ಅಂಗಡಿ ಅಂದ ಕೂಡಲೇ ಕೇಳಿದವರ ಮುಖ ಒಂದು ಲೆಕ್ಕಕ್ಕೆ ಬರುತ್ತದೆ. ಬರೀ ಇನಿಷಿಯಲ್ ನೋಡಿ ಮನೆತನ ಹೇಳುವ ಪಂಡಿತರೂ ಇದ್ದಾರೆ. ಬರೀ ಹೆಸರು ಹೇಳಿದರೆ ‘ಪೂರ್ತಿ ಹೆಸರು ಹೇಳಪ್ಪ’ ಎನ್ನುತ್ತಾರೆ. ಮೊದಮೊದಲು ಅವನು ಪೂರ್ತಿ ಹೆಸರಿನಲ್ಲೇ ಆಡುತ್ತಿದ್ದ. ಒಂದು ರಾತ್ರಿ ಯಾವುದೋ ಆಟದಲ್ಲಿ ಗೆದ್ದಾಗ ಎದುರು ತಂಡದವನು ಅವನ ಹೆಸರು ಓದಿ ಮೀಸಲಾತಿಯ ಮಾತು ತೆಗೆದನಂತೆ. ಮೊಬೈಲ್ ಆಟದಲ್ಲಿ ಎಂಥ ಮೀಸಲಾತಿ? ಗುರಿ ಇಟ್ಟು ಹೊಡೆದದ್ದು ಇವನ ಬೆರಳು. ಮರುದಿನವೇ ಹೆಸರು ಬದಲಿಸಿದ. ಊರನ್ನು ಹಿಂದುಮುಂದು ಮಾಡುವ ಆ ತಮಾಷೆ ಹುಟ್ಟಿದ್ದು ಹೀಗೆ.

ಇದನ್ನು ಕೇಳಿದಾಗ ನನಗೆ ಮೊದಲು ಬಂದ ಯೋಚನೆ, ಅಡ್ಡಹೆಸರು ಮುಚ್ಚಿಡುವುದೇ ಜಾಣತನ ಅಂತ. ಆದರೆ ಈ ವರ್ಷ ಅವನು ಡಿಸ್ಪ್ಲೇ ಹೆಸರನ್ನು ಮತ್ತೆ ಬದಲಿಸಿದ್ದಾನೆ. ಈಗ ‘ತಾಂಡಾದ ಗಿಡ್ಲಿಕೂ’. ಯಾಕೆ ಎಂದರೆ, ‘ಅವತ್ತು ಹೆದರಿ ತೆಗದಿದ್ದೆ, ಇವತ್ತು ನಾನಾಗೇ ಹಾಕೀನಿ’ ಎಂದ. ಹನ್ನೆರಡನೇ ಶತಮಾನದ ವಚನಕಾರರಲ್ಲಿ ಹೆಚ್ಚಿನವರು ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರೆ, ಅಂಬಿಗರ ಚೌಡಯ್ಯ ಮಾತ್ರ ಕಸುಬು ಸಮೇತ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ಅದು ಪರೀಕ್ಷೆಗೆ ಓದಿದ ಎರಡು ಅಂಕದ ಪ್ರಶ್ನೆಯಾಗಿ ಗೊತ್ತಿತ್ತು, ಅರ್ಥವಾದದ್ದು ಈಗ. ಅದೇ ‘ತಾಂಡಾ’ ಎಂಬ ಮಾತನ್ನು ಬೇರೆಯವರು ಕೆದಕಿ ತೆಗೆದರೆ ಗಾಯ, ತಾನೇ ಹಾಕಿಕೊಂಡರೆ ಬಿರುದು.

ಇಷ್ಟನ್ನೂ ಪ್ರಚಲಿತ ವಿದ್ಯಮಾನ ಎಂದು ಬರೆಯುವುದಕ್ಕೆ ಕಾರಣವಿದೆ. ಆನ್‌ಲೈನ್‌ನಲ್ಲಿ ಯಾರು ಯಾರೆಂದು ತಿಳಿಯಬೇಕು ಎಂಬ ಒತ್ತಾಯ ಎಲ್ಲ ಕಡೆ ಜೋರಾಗುತ್ತಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು, 22ರಂದು ರಾಷ್ಟ್ರಪತಿಯವರ ಅಂಕಿತವೂ ಬಿತ್ತು. ಹಣ ಕಟ್ಟಿ ಆಡುವ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಇ-ಸ್ಪೋರ್ಟ್ಸ್ ಮತ್ತು ಹಣವಿಲ್ಲದ ಆಟಗಳಿಗೆ ಅಡ್ಡಿಯಿಲ್ಲ, ಆಡಿದವರಿಗೆ ಶಿಕ್ಷೆಯೂ ಇಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳು ಹೊರಬಿದ್ದವು. 18 ವರ್ಷದೊಳಗಿನವರ ಮಾಹಿತಿ ಬಳಸಬೇಕಾದರೆ ತಂದೆ ಅಥವಾ ತಾಯಿಯ ಒಪ್ಪಿಗೆಯನ್ನು ಖಚಿತಪಡಿಸಿಕೊಳ್ಳಬೇಕು. ಇದಕ್ಕೆಲ್ಲ ಕಂಪನಿಗಳಿಗೆ 18 ತಿಂಗಳ ಕಾಲಾವಕಾಶ ಇದೆ.

ಹಣದಾಟಕ್ಕೆ ಬಿದ್ದ ಕಡಿವಾಣ ನನಗೆ ಒಪ್ಪಿಗೆ. ನಮ್ಮ ಕಡೆಯ ಹುಡುಗರು ಬೆಳೆಸಾಲದ ದುಡ್ಡನ್ನು ರಮ್ಮಿಯಲ್ಲಿ ಕಳೆದದ್ದು ನೋಡಿದ್ದೇನೆ. ಸುಳ್ಳು ಹೆಸರಿನಲ್ಲಿ ಮೋಸ ಮಾಡುವವರೂ ಕಡಿಮೆ ಇಲ್ಲ. ಕಂಪನಿಯ ಅಧಿಕೃತ ಖಾತೆಯಂತೆ ಕಾಣುವ ಹೆಸರು ಇಟ್ಟು, ಇಂಗ್ಲಿಷಿನ ಸಣ್ಣ ‘ಎಲ್’ ಜಾಗದಲ್ಲಿ ದೊಡ್ಡ ‘ಐ’ ಬರೆದು ನನ್ನ ಜೂನಿಯರ್ ಒಬ್ಬನಿಂದ ಪಾಸ್‌ವರ್ಡ್ ಕಿತ್ತುಕೊಂಡಿದ್ದರು. ದುಡ್ಡು ಹೋದವರು ತಡಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಹೀಗಾದಾಗಲೆಲ್ಲ ದೊಡ್ಡವರು ಹೇಳುವ ಪರಿಹಾರ ಒಂದೇ. ಎಲ್ಲರೂ ಅಸಲಿ ಹೆಸರಿನಲ್ಲೇ ಇರಲಿ, ಆಗ ಯಾರೂ ಬಾಲ ಬಿಚ್ಚುವುದಿಲ್ಲ.

ಇದನ್ನು ಮಾಡಿ ನೋಡಿದವರಿದ್ದಾರೆ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದ ಬ್ಲಿಝಾರ್ಡ್ ಕಂಪನಿ 2010ರ ಜುಲೈನಲ್ಲಿ, ತನ್ನ ಚರ್ಚಾ ತಾಣದಲ್ಲಿ ಬರೆಯುವವರ ನಿಜವಾದ ಹೆಸರು ಎಲ್ಲರಿಗೂ ಕಾಣುವಂತೆ ಮಾಡುತ್ತೇನೆ ಎಂದಿತು. ಆಟಗಾರರ ವಿರೋಧ ಎಷ್ಟು ಬಂತೆಂದರೆ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ದಕ್ಷಿಣ ಕೊರಿಯಾ ಇನ್ನೂ ಮುಂದೆ ಹೋಗಿ 2007ರಲ್ಲಿ ದೊಡ್ಡ ಜಾಲತಾಣಗಳಲ್ಲಿ ಬರೆಯುವ ಮುನ್ನ ಗುರುತು ಖಚಿತಪಡಿಸಬೇಕು ಎಂದು ಕಾನೂನು ತಂದಿತು. 2012ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಅದನ್ನು ರದ್ದು ಮಾಡಿತು. ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್‌ನಲ್ಲಿ ಹೇಳಿದರು. ಆ ಪ್ರಕರಣ ಹಾಕಿದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಇಲ್ಲಿ ಎರಡು ಸಂಗತಿಗಳನ್ನು ಒಂದು ಮಾಡಿ ಗೊಂದಲ ಮಾಡಿಕೊಳ್ಳುತ್ತಿದ್ದೇವೆ ಅನಿಸುತ್ತದೆ. ನಾನು ಯಾರೆಂದು ಕಂಪನಿಗೆ ಗೊತ್ತಿರುವುದು ಬೇರೆ, ಎದುರು ಕೂತು ಆಡುವವನಿಗೆ ಕಾಣುವುದು ಬೇರೆ. ಎಂಜಿನಿಯರಿಂಗ್ ಓದುವವನಾಗಿ ಹೇಳುತ್ತೇನೆ, ಇವೆರಡನ್ನೂ ಬೇರೆ ಇಡುವುದು ತಾಂತ್ರಿಕವಾಗಿ ಕಷ್ಟದ ಕೆಲಸವೇನಲ್ಲ. ದತ್ತಾಂಶ ರಕ್ಷಣೆಯ ಹೊಸ ನಿಯಮದಲ್ಲೇ ಡಿಜಿಲಾಕರ್‌ನಂಥ ವ್ಯವಸ್ಥೆಯಿಂದ ಬರುವ ಟೋಕನ್ ಮೂಲಕ ವಯಸ್ಸು ಖಚಿತಪಡಿಸಲು ಅವಕಾಶ ಇಟ್ಟಿದ್ದಾರೆ. ಅಪರಾಧ ನಡೆದರೆ ಮೊಬೈಲ್ ನಂಬರ್, ಐಪಿ ವಿಳಾಸ ಹಿಡಿದು ಪೊಲೀಸರು ಹುಡುಕುವ ದಾರಿ ಈಗಲೂ ಇದೆ. ಅದಕ್ಕಾಗಿ ‘ಹಗರಿ’ಯ ಮನೆ ಹೆಸರು ಪರದೆಯ ಮೇಲೆ ಮೂಡಬೇಕಿಲ್ಲ. ಮೂಡಿದರೆ ಬಾಲ ಮುದುರುವವರು ಕಾಟ ಕೊಡುವವರಲ್ಲ, ಕಾಟ ತಿನ್ನುವವರು. ‘ಫೋಟೊ ಕಳಿಸು’ ಎಂದವರಲ್ಲಿ ಕೆಲವರ ಪ್ರೊಫೈಲಿನಲ್ಲಿ ಅವರದೇ ಹೆಸರು, ಅವರದೇ ಫೋಟೊ ಇತ್ತು. ಬೈಕಿನ ಮೇಲೆ ಕೂತದ್ದು. ಅಸಲಿ ಹೆಸರು ಅವರಿಗೇನೂ ನಾಚಿಕೆ ತಂದಿರಲಿಲ್ಲ.

ಮುಚ್ಚಿಡುವ ಹಕ್ಕಿನ ಬಗ್ಗೆ ಇಷ್ಟು ಬರೆದ ಮೇಲೆ ನನ್ನದೇ ಒಂದು ಪೆಟ್ಟನ್ನೂ ಹೇಳಿಬಿಡುತ್ತೇನೆ. ಮೊದಲ ಸೆಮಿಸ್ಟರಿನಲ್ಲಿ ಗಿಟ್‌ಹಬ್ ಖಾತೆ ತೆರೆಯುವಾಗ ಆಟದ ಹೆಸರನ್ನೇ ಕೊಟ್ಟಿದ್ದೆ. ಹದಿನೆಂಟರ ವಯಸ್ಸಿನಲ್ಲಿ ಅದು ಭಾರಿ ಅನಿಸಿತ್ತು. ‘ಕಿಂಗ್’, ‘ಕಿಲ್ಲರ್’ ಎರಡೂ ಇದ್ದವು, ಉಳಿದದ್ದು ಕೇಳಬೇಡಿ. ಮೊನ್ನೆ ಒಂದು ಇಂಟರ್ನ್‌ಶಿಪ್ ಸಂದರ್ಶನದಲ್ಲಿ ಲಿಂಕ್ ತೆರೆದವರು ಆ ಹೆಸರನ್ನು ಗಟ್ಟಿಯಾಗಿ ಓದಿ, ನನ್ನ ಕಡೆ ಒಮ್ಮೆ ನೋಡಿ, ಮುಂದಿನ ಪ್ರಶ್ನೆಗೆ ಹೋದರು. ಇಂಟರ್ನ್‌ಶಿಪ್ ಸಿಗಲಿಲ್ಲ. ಹೆಸರಿನಿಂದಲೇ ಅಲ್ಲ, ಡೇಟಾ ಸ್ಟ್ರಕ್ಚರ್ಸ್‌ನಲ್ಲೂ ತಡವರಿಸಿದ್ದೆ. ಆದರೂ ಕೆಲಸ ಹುಡುಕುವ ಗೆಳೆಯರು ರೆಸ್ಯೂಮೆಯಲ್ಲಿ ಹಾಕುವ ಇ-ಮೇಲ್, ಗಿಟ್‌ಹಬ್ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡುವುದು ಒಳ್ಳೆಯದು. ಆಟದ ಹೆಸರು ಆಟಕ್ಕಿರಲಿ, ಕೆಲಸಕ್ಕೆ ಬೇರೆ ಖಾತೆ ಇರಲಿ.

ಇದನ್ನು ಹೇಳಿದಾಗ ಗಿಡ್ಲಿಕೂ ಒಂದು ಮಾತು ಕೇಳಿದ. ‘ನಿಂಗೇನಪ, ಕಿಲ್ಲರ್ ತೆಗದು ಕೊಟ್ರೇಶ ಅಂತ ಹಾಕಿದ್ರ ಮುಗೀತು. ನನ್ನ ರೆಸ್ಯೂಮೆದಾಗ ಅಸಲಿ ಹೆಸರು ಓದಿದ ಮ್ಯಾಲೂ ಅವರು ಮುಂದಿನ ಪ್ರಶ್ನೆಗೇ ಹೋದ್ರ?’ ನನ್ನ ಬಳಿ ಉತ್ತರ ಇರಲಿಲ್ಲ. ಅವನೇ ದಾಳ ಉರುಳಿಸು ಎಂದ. ಉರುಳಿಸಿದೆ. ಮೂರು ಬಿತ್ತು. ಲಿಗಡಹ ಮತ್ತೆ ಬದುಕಿಕೊಂಡ.

ಕಳೆದ ವಾರದಿಂದ ನನ್ನ ಚಿಕ್ಕಪ್ಪನ ಮಗ ಆಟಕ್ಕೆ ಸೇರಿಸಿಕೊಳ್ಳಿ ಎಂದು ಗಂಟುಬಿದ್ದಿದ್ದಾನೆ. ಒಂಬತ್ತನೇ ಕ್ಲಾಸು. ಫೋನು ಚಿಕ್ಕಪ್ಪನದು, ಸಿಮ್ ಚಿಕ್ಕಪ್ಪನ ಹೆಸರಿನಲ್ಲಿದೆ. ಪರೀಕ್ಷೆ ಮುಗಿಯುವವರೆಗೆ ಬೇಡ, ಆಮೇಲೆ ವಾರಕ್ಕೊಂದೇ ಸಲ ಎಂಬ ಷರತ್ತಿನ ಮೇಲೆ ಚಿಕ್ಕಪ್ಪ ಒಪ್ಪಿದ್ದಾರೆ. ಅವನೂ ಒಬ್ಬ ಕೊಟ್ರೇಶನೇ. ‘ಅಣ್ಣಾ, ನಂಗೇನ್ ಹೆಸರಿಡ್ತಿ?’ ಎಂದು ಕೇಳಿದ. ನಾನು ಇಡುವುದಿಲ್ಲ, ನೀನೇ ಯೋಚಿಸು ಎಂದೆ. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಹನ್ನೊಂದು ಹೆಸರು ಬರೆದು ಒಂಬತ್ತನ್ನು ಹೊಡೆದುಹಾಕಿದ್ದಾನೆ. ಉಳಿದ ಎರಡು ಯಾವುವು ಎಂದರೆ ಹೇಳುತ್ತಿಲ್ಲ, ಕೈ ಅಡ್ಡ ಇಟ್ಟುಕೊಳ್ಳುತ್ತಾನೆ.